ನಲ್ಲಿ ರಿಪೇರಿ ಮಾಡಿದರೆ ಮಾನ ಹೋಗುತ್ತದೆಯೇ?

ಕರಾವಳಿಯಲ್ಲಿ ಗಲ್ಫ್ ದುಡ್ಡಿನಿಂದ ಎದ್ದ ಮನೆಗಳಿಗೆ ಹೋಗಿ ಬಂದವರು ಇದನ್ನು ನೋಡಿಯೇ ಇರುತ್ತೀರಿ. ಮಾಳಿಗೆಯ ದೊಡ್ಡ ಕೋಣೆಗೆ ಅಂಟಿಕೊಂಡ ಸ್ನಾನಗೃಹದಲ್ಲಿ ಒಂದು ಬಾತ್‌ಟಬ್ ಇರುತ್ತದೆ. ಅದರಲ್ಲಿ ಯಾರೂ ಮೈಚಾಚಿ ಸ್ನಾನ ಮಾಡುವುದಿಲ್ಲ. ಮನೆ ಒಕ್ಕಲಾದ ವರ್ಷ ಮಕ್ಕಳು ನಾಲ್ಕು ದಿನ ನೀರು ತುಂಬಿಸಿ ಆಡಿರುತ್ತಾರೆ. ಆಮೇಲೆ ಅದು ಒಗೆಯುವ ಬಟ್ಟೆ ತುಂಬಿಡುವ ತೊಟ್ಟಿ, ಬೇಸಿಗೆ ಬಂದರೆ ನೀರು ಹಿಡಿದಿಡುವ ಟಾಂಕಿ. ಹೆಚ್ಚೆಂದರೆ ಟಬ್ಬಿನೊಳಗೆ ನಿಂತು ಶವರಿನಡಿ ತಲೆ ಕೊಡುತ್ತಾರೆ, ಅಷ್ಟೇ. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ಸುರಿದುಕೊಂಡು ಬೆಳೆದ ಜನ ನಾವು. ಒಂದೇ ನೀರಿನಲ್ಲಿ ಮುಳುಗಿ ಕೂರುವುದು ನಮಗೆ ಒಗ್ಗುವುದಿಲ್ಲ. ಆದರೂ ಟಬ್ಬು ಬೇಕಿತ್ತು. ಯಾಕೆ ಬೇಕಿತ್ತು ಎಂಬುದನ್ನು ಕೇಳುವುದು ನನ್ನ ಇವತ್ತಿನ ಉದ್ದೇಶವಲ್ಲ. ನಾನು ಕೇಳಬೇಕೆಂದಿರುವುದು ಆ ಟಬ್ಬಿನ ನಲ್ಲಿಯ ಬಗ್ಗೆ.

ದೂರದ ಸಂಬಂಧದಲ್ಲಿ ನನಗೆ ಅಕ್ಕನಾಗಬೇಕಾದವರ ಮನೆಗೆ ಕಳೆದ ಚಳಿಗಾಲದಲ್ಲಿ ಹೋಗಿದ್ದೆ. ಎರಡು ದಿನ ಉಳಿಯಬೇಕಾಯಿತು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಶವರಿನಿಂದ ನೀರು ದಾರದಂತೆ ಬೀಳುತ್ತಿದೆ, ಕೆಳಗೆ ಟಬ್ಬಿಗೆ ನೀರು ಬಿಡುವ ಮೂತಿಯಿಂದ ಧಾರೆಯಾಗಿ ಹರಿದು ಹೋಗುತ್ತಿದೆ. ಅಂಗಡಿಯವರು ಅದಕ್ಕೆ ಸ್ಪೌಟ್ ಎನ್ನುತ್ತಾರೆ. ಅದರ ನೆತ್ತಿಯ ಮೇಲೊಂದು ಗುಬುಟು ಇರುತ್ತದೆ. ಎತ್ತಿದರೆ ಒಳಗಿನ ಪುಟ್ಟ ಕದವೊಂದು ಮೂತಿಯ ದಾರಿಯನ್ನು ಮುಚ್ಚುತ್ತದೆ, ದಾರಿ ಕಾಣದ ನೀರು ಗೋಡೆಯೊಳಗಿನ ಪೈಪು ಹತ್ತಿ ಶವರಿಗೆ ಹೋಗುತ್ತದೆ. ಕದಕ್ಕೆ ಸುತ್ತಿದ ರಬ್ಬರು ಕಲ್ಲಾದರೆ ಅಥವಾ ಹರಿದರೆ ಕದ ಸರಿಯಾಗಿ ಕೂರುವುದಿಲ್ಲ. ಆಗ ಅರ್ಧ ನೀರು ಮೇಲೆ, ಅರ್ಧ ನೀರು ಕೆಳಗೆ.

ಕುತೂಹಲಕ್ಕೆ ಮಗ್ಗು ಹಿಡಿದು ನೋಡಿದೆ. ಒಂದು ನಿಮಿಷಕ್ಕೆ ಅರ್ಧ ಲೀಟರು. ಆ ಸ್ನಾನಗೃಹ ಬಳಸುವವರು 4 ಮಂದಿ, ಒಬ್ಬೊಬ್ಬರು 10 ನಿಮಿಷ ನಿಂತರೂ ದಿನಕ್ಕೆ 20 ಲೀಟರು ಯಾರ ಮೈಗೂ ತಾಗದೆ ಮೋರಿಗೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಹೋದ ರಂಜಾನ್ ತಿಂಗಳಿನಿಂದ ಎಂದರು. ಸುಮಾರು 300 ದಿನ. ಲೆಕ್ಕ ಹಾಕಿದರೆ 6,000 ಲೀಟರು, ಟೆರೇಸಿನ ಮೇಲಿರುವ ಸಾವಿರ ಲೀಟರಿನ ಕಪ್ಪು ಟಾಂಕಿ ಆರು ಸಲ ತುಂಬಿ ಸುರಿದಷ್ಟು. ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು 2016ರಲ್ಲಿ, ಮತ್ತೆ 2019ರಲ್ಲಿ ಮಂಗಳೂರಿನವರು ಕೊಡ ಹಿಡಿದು ಪರದಾಡಿದ್ದನ್ನು ಈ ಮನೆಯವರೂ ಕಂಡವರೇ. ಆಗ ಇದೇ ಟಬ್ಬಿನಲ್ಲಿ ನೀರು ತುಂಬಿಸಿಟ್ಟು ಅದಕ್ಕೆ ಹಲಗೆ ಮುಚ್ಚಿ ಕಾದಿದ್ದರು.

"ಪ್ಲಂಬರಿಗೆ ಹೇಳಿದ್ದೇವೆ, ಬರುತ್ತೇನೆ ಅಂತಾನೆ, ಬರುವುದಿಲ್ಲ" ಎಂದರು ಅಕ್ಕ.

ಇದನ್ನು ಹೇಳುವಾಗ ಅವರ ಗಂಡ, ಅಂದರೆ ನನ್ನ ಭಾವ, ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಾ ಕುಳಿತಿದ್ದರು. ಭಾವ 22 ವರ್ಷ ಸೌದಿಯಲ್ಲಿ ಪ್ಲಂಬರ್ ಆಗಿದ್ದವರು.

ಈ ಲೇಖನ ಹುಟ್ಟಿದ್ದು ಆ ಕುರ್ಚಿಯಿಂದ.

ನಿಮಗೆ ನಗು ಬರಬಹುದು. ನನಗೂ ಮೊದಲು ಬಂತು. "ಭಾವ, ನೀವೇ ಇರುವಾಗ ಇದಕ್ಕೆ ಜನ ಯಾಕೆ?" ಎಂದೆ. ಭಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಉತ್ತರ ಅಕ್ಕನಿಂದ ಬಂತು: "ಅವರು ಯಾಕೆ ಮಾಡಬೇಕು? ಅಷ್ಟು ವರ್ಷ ಮಾಡಿದ್ದು ಸಾಕಾಗಲಿಲ್ಲವಾ? ದೊಡ್ಡವನಿಗೆ ಹೆಣ್ಣು ನೋಡುತ್ತಾ ಇದ್ದೇವೆ. ಯಾರಾದರೂ ಬಂದಾಗ ಇವರು ಪಾನಾ ಹಿಡಿದು ಕೂತದ್ದು ಕಂಡರೆ?"

ಕಂಡರೆ ಏನಾಗುತ್ತದೆ? ಪ್ರಶ್ನೆ ಇರುವುದು ಇಲ್ಲಿಯೇ. ಆ ಮನೆಯ ಒಂದೊಂದು ಕಲ್ಲೂ, ಮೆಟ್ಟಿಲಿನ ಗ್ರಾನೈಟೂ, ಮಗನ ಇಂಜಿನಿಯರಿಂಗ್ ಸೀಟೂ, ಮತ್ತು ನೆಂಟರು ಬಂದಾಗ ಬಾಗಿಲು ತೆರೆದು ತೋರಿಸುವ ಆ ಬಿಳಿ ಟಬ್ಬೂ ಬಂದದ್ದು ಪಾನಾ ಹಿಡಿದ ಕೈಯಿಂದ. ಆದರೆ ಆ ಕೈಯ ಕೆಲಸ ಏನೆಂದು ಊರಿನಲ್ಲಿ ಹೇಳುವಂತಿಲ್ಲ. ಭಾವ "ಕಂಪೆನಿಯಲ್ಲಿ" ಇದ್ದವರು. ಸಂಬಂಧದ ಮಾತುಕತೆಗೆ ಹೋದ ಬ್ರೋಕರಿನ ಬಾಯಲ್ಲಿ ಅವರು "ಸೂಪರ್‌ವೈಸರ್". ನಮ್ಮ ಊರುಗಳಲ್ಲಿ ಗಲ್ಫಿನಿಂದ ಬಂದವರನ್ನೆಲ್ಲ ಕೇಳಿ ನೋಡಿ. ಕಂಪೆನಿ ಎಂಬ ಈ ಒಂದು ಪದದ ಅಡಿಯಲ್ಲಿ ಎಷ್ಟು ಮೇಸ್ತ್ರಿಗಳು, ಎಷ್ಟು ಡ್ರೈವರುಗಳು, ಎಷ್ಟು ಅಡುಗೆಯವರು, ಎಷ್ಟು ಬಡಗಿಗಳು ಅಡಗಿ ಕೂತಿದ್ದಾರೆಂಬುದು ಗೊತ್ತಾಗುತ್ತದೆ. ಸುಳ್ಳು ಹೇಳಿದವರನ್ನು ನಾನು ದೂರುವುದಿಲ್ಲ. ನಿಜ ಹೇಳಿದರೆ ಹೆಣ್ಣು ಕೊಡದ, ನಿಜ ಹೇಳಿದರೆ ಕುರ್ಚಿ ಕೊಡದ ನಮ್ಮ ಸಮಾಜವನ್ನು ದೂರುತ್ತೇನೆ.

ಅಕ್ಕನ ಎರಡನೇ ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಅವನನ್ನು ಕರೆದು, "ಮೂತಿ ಬಿಚ್ಚಬೇಕಾದರೆ ನೀರು ಎಲ್ಲಿ ಬಂದ್ ಮಾಡಬೇಕು?" ಎಂದು ಕೇಳಿದೆ. "ಟೆರೇಸಿನಲ್ಲಿ ಮೇನ್ ವಾಲ್ವ್ ಬಂದ್ ಮಾಡಬೇಕು ಮಾಮ" ಎಂದ. ತಪ್ಪು. ಪತ್ರಿಕೆಯ ಹಿಂದಿನಿಂದ ಮೊದಲ ಬಾರಿಗೆ ಭಾವನ ದನಿ ಕೇಳಿತು: "ಎಲ್ಲಿಯೂ ಬಂದ್ ಮಾಡುವುದು ಬೇಡ."

ಇದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡುಗೆ ಮನೆಯ ಸಾಮಾನ್ಯ ನಲ್ಲಿಯಲ್ಲಿ ನೀರು ತಡೆಯುವ ವಾಷರು ನಲ್ಲಿಯೊಳಗೇ ಇರುತ್ತದೆ. ಅದನ್ನು ಬಿಚ್ಚಬೇಕಾದರೆ ಮೇಲಿನ ಗೇಟ್‌ವಾಲ್ವ್ ತಿರುಗಿಸಲೇಬೇಕು, ಇಲ್ಲದಿದ್ದರೆ ಮುಖಕ್ಕೆ ನೀರು ಹಾರುತ್ತದೆ. ಟಬ್ಬಿನ ಮೂತಿ ಹಾಗಲ್ಲ. ಬಿಸಿ-ತಣ್ಣೀರು ಬೆರೆಸುವ ಮಿಕ್ಸರಿನ ಆಚೆ ಇರುವ ಖಾಲಿ ಕೊಳವೆ ಅದು. ಮಿಕ್ಸರಿನ ತಿರುಗಣೆ ಮುಚ್ಚಿದ್ದರೆ ಮೂತಿಯ ಹಿಂದೆ ಒತ್ತಡವೇ ಇಲ್ಲ. ಮನೆಯ ನೀರಿನ ಕೆಲಸಗಳಲ್ಲಿ ಇದಕ್ಕಿಂತ ಸುಲಭದ್ದು ಬಹುಶಃ ಇನ್ನೊಂದಿಲ್ಲ. ಇಂತಹ ಕೆಲಸಕ್ಕೆ 300 ದಿನ ಇನ್ನೊಬ್ಬನ ದಾರಿ ಕಾದೆವು.

ಇನ್ನೊಂದು ಮಾತನ್ನೂ ಭಾವ ಸೇರಿಸಿದರು. ಶವರ್ ಬಿಟ್ಟಾಗ ಮಾತ್ರ ಮೂತಿ ಸೋರುತ್ತಿದ್ದರೆ ತಪ್ಪು ಮೂತಿಯದ್ದು. ಎಲ್ಲ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದ್ದರೆ ತಪ್ಪು ಮಿಕ್ಸರಿನದ್ದು, ಮೂತಿ ಬದಲಿಸಿ ಫಲವಿಲ್ಲ. "ಇದು ತಿಳಿಯದೆ ಎಷ್ಟೋ ಜನ ಒಳ್ಳೆಯ ಸ್ಪೌಟ್ ಬಿಸಾಡಿದ್ದನ್ನು ನೋಡಿದ್ದೇನೆ" ಎಂದರು. ಪತ್ರಿಕೆ ಅಷ್ಟರಲ್ಲಿ ಮಡಚಿ ಆಗಿತ್ತು.

ಕೆಲಸ ಮಾಡಿದ್ದು ಯಾರು ಗೊತ್ತೇ? ಇಂಜಿನಿಯರನಲ್ಲ, ಅವನಿಗೆ ಸ್ನೇಹಿತರ ಫೋನು ಬಂತು. ಭಾವನೂ ಅಲ್ಲ, ಅಕ್ಕ ಬಿಡಲಿಲ್ಲ. ಪಿಯುಸಿ ಎರಡನೇ ವರ್ಷದ ಮಗಳು ಮಾಡಿದಳು. ಬಾಪ ಸ್ನಾನಗೃಹದ ಹೊಸ್ತಿಲಲ್ಲಿ ಮೊಣಕಾಲು ಮಡಚಿ ಕೂತು ಹೇಳುವುದು, ಮಗಳು ಟಬ್ಬಿನೊಳಗೆ ಇಳಿದು ಮಾಡುವುದು.

ಮೊದಲು ಮೂತಿಯ ಅಡಿಯಲ್ಲಿ ಬೆರಳಾಡಿಸಲು ಹೇಳಿದರು. ಅಲ್ಲಿ ಸಣ್ಣ ತಿರುಪು ಸಿಕ್ಕಿದರೆ ಅದು ತಾಮ್ರದ ಕೊಳವೆಯ ಮೇಲೆ ಸುಮ್ಮನೆ ತೂರಿಸಿದ ಜಾತಿ. ಎಲ್ ಆಕಾರದ ಕೀಲಿಯಿಂದ ತಿರುಪು ಸಡಿಲಿಸಿ ಎಳೆದರೆ ಬರುತ್ತದೆ. ಅಮೆರಿಕದ ಮನೆಗಳಲ್ಲಿ ಇಂಥದ್ದು ಬಹಳ, ಸೌದಿಯಲ್ಲಿ ಅಮೆರಿಕನ್ನರ ಕ್ಯಾಂಪುಗಳಲ್ಲಿ ಭಾವ ಅವನ್ನು ಬೇಕಾದಷ್ಟು ಬದಲಿಸಿದ್ದರಂತೆ. ತಿರುಪು ಇಲ್ಲದಿದ್ದರೆ ಅದು ಥ್ರೆಡ್ಡಿನದ್ದು, ಇಡೀ ಮೂತಿಯನ್ನೇ ಎಡಕ್ಕೆ ತಿರುಗಿಸಬೇಕು. ಇಲ್ಲಿಯದು ಥ್ರೆಡ್ಡಿನದ್ದು. ಟೈಲ್ಸಿಗೆ ಅಂಟಿದ್ದ ಹಳೆ ಸಿಲಿಕೋನನ್ನು ಬ್ಲೇಡಿನಿಂದ ಕೊಯ್ದು, ಮೂತಿಯ ಬಾಯಿಗೆ ಸುತ್ತಿಗೆಯ ಮರದ ಹಿಡಿ ತೂರಿಸಿ ತಿರುಗಿಸಲು ಹೇಳಿದರು. "ಎಳೆಯಬೇಡ, ಜಗ್ಗಬೇಡ. ಗೋಡೆಯೊಳಗೆ ಪೈಪು ಇದೆ, ಅದು ತಿರುಗಿದರೆ ಟೈಲ್ಸ್ ಒಡೆಯಬೇಕಾಗುತ್ತದೆ. ನಿಧಾನ ಬಲ ಹಾಕು, ಬಿಡುತ್ತದೆ."

ಬಿಟ್ಟಿತು. ನಿಪ್ಪಲ್ ಸಮೇತ ಕೈಗೆ ಬಂತು. ಒಳಗಿನ ರಬ್ಬರು ಉಗುರಿನಿಂದ ಗೀರಿದರೂ ತಗ್ಗಾಗದಷ್ಟು ಗಟ್ಟಿ. ಮುರಕಲ್ಲಿನ ನಮ್ಮ ಬಾವಿಗಳ ನೀರಿನ ಕೆಂಪು ಬಣ್ಣ ಒಳಗೆಲ್ಲ ಹಿಡಿದಿತ್ತು. ಹೊರಗಿನ ಕ್ರೋಮಿಯಂ ಲೇಪ ಎದ್ದು ಅಡಿಯ ಬೂದು ಲೋಹ ಕಾಣುತ್ತಿತ್ತು. 2004ರಲ್ಲಿ ಮನೆ ಕಟ್ಟುವಾಗ ಭಾವನೇ ಪೆಟ್ಟಿಗೆಯಲ್ಲಿ ಕಟ್ಟಿ ತಂದಿದ್ದ ಮೂತಿ ಅದು.

ಹೊಸದನ್ನು ತರಲು ನಾನು ಮತ್ತು ಹುಡುಗಿ ಪೇಟೆಗೆ ಹೋದೆವು. ಹಳೆಯದನ್ನು ಜೊತೆಗೆ ಒಯ್ಯಿರಿ ಎಂದು ಭಾವ ಎರಡು ಸಲ ಹೇಳಿದ್ದರು. ಅರ್ಧ ಇಂಚು ಎಂದು ಬಾಯಲ್ಲಿ ಹೇಳಿದರೆ ಸಾಲದು. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಅಳತೆಯ ಥ್ರೆಡ್ಡು, ಅಮೆರಿಕದ್ದು ಬೇರೆ. ಎರಡರಲ್ಲೂ ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಹಲ್ಲು. ಆದರೆ ಹಲ್ಲಿನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎರಡು ಸುತ್ತು ಚೆನ್ನಾಗಿ ಕೂತಂತೆ ಕಂಡು ಆಮೇಲೆ ಸೋರುತ್ತದೆ. ಈ ಮಾತನ್ನು ಭಾವ ಹೇಳುವಾಗ ಇಂಜಿನಿಯರಿಂಗ್ ಮಗ ಫೋನು ಮುಗಿಸಿ ಬಾಗಿಲಲ್ಲಿ ನಿಂತಿದ್ದ. ತನ್ನ ತಂದೆಗೆ ಇದೆಲ್ಲ ಗೊತ್ತಿದೆ ಎಂಬುದು ಅವನಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ತಂದೆಯ ಕೆಲಸವನ್ನು ಊರಿನಿಂದ ಬಚ್ಚಿಡಲು ಹೋಗಿ ಮಗನಿಂದಲೂ ಬಚ್ಚಿಟ್ಟಿದ್ದರು. ನೀರು ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಇದಕ್ಕೆ.

ಹೊಸ ಮೂತಿಗೆ 1,200 ರೂಪಾಯಿ, ಟೆಫ್ಲಾನ್ ಟೇಪಿಗೆ 20. ಟೇಪನ್ನು ಥ್ರೆಡ್ಡು ಸುತ್ತುವ ದಿಕ್ಕಿನಲ್ಲೇ ಸುತ್ತಬೇಕು, ತಪ್ಪು ದಿಕ್ಕಿನಲ್ಲಿ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ. ನಿಪ್ಪಲ್ ಗಿಡ್ಡವಾದರೆ ಹಿಡಿಯುವುದಿಲ್ಲ, ಉದ್ದವಾದರೆ ಮೂತಿ ಗೋಡೆಗೆ ತಾಗದೆ ನಡುವೆ ಸಂದು ಉಳಿಯುತ್ತದೆ. ಅದಕ್ಕೆ ಹಳೆಯದರ ಅಳತೆ ಬೇಕು. ಬಿಗಿ ಮಾಡುತ್ತಾ ಬಂದಾಗ ಮೂತಿಯ ಬಾಯಿ ಕೆಳಗೆ ನೋಡಿ ನಿಲ್ಲಬೇಕು. ಸ್ವಲ್ಪ ಹೆಚ್ಚು ತಿರುಗಿ ಓರೆಯಾಯಿತೆಂದು ಹಿಂದಕ್ಕೆ ತಿರುಗಿಸಬಾರದು, ತಿರುಗಿಸಿದರೆ ಟೇಪಿನ ಹಿಡಿತ ಹೋಗಿ ಸೋರುತ್ತದೆ. ಪೂರ್ತಿ ಬಿಚ್ಚಿ, ಇನ್ನೊಂದು ಸುತ್ತು ಟೇಪು ಹಾಕಿ, ಮತ್ತೆ ಕೂರಿಸಬೇಕು. ಹುಡುಗಿಗೆ ಒಮ್ಮೆ ಹಾಗೆ ಆಯಿತು, ಮುಖ ಸಣ್ಣದು ಮಾಡಿಕೊಂಡಳು. "ನನಗೂ ಆಗುತ್ತಿತ್ತು, ಬಿಚ್ಚು" ಎಂದರು ಭಾವ. ಕೊನೆಗೆ ಗೋಡೆ ಮತ್ತು ಮೂತಿಯ ನಡುವೆ ಸಿಲಿಕೋನ್ ಹಚ್ಚುವಾಗ ಕೆಳಗಡೆ ಬೆರಳಗಲ ಖಾಲಿ ಬಿಡಿಸಿದರು. ಒಂದು ವೇಳೆ ಹಿಂದೆ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ಕಾಣಬೇಕು, ಗೋಡೆಯೊಳಗೆ ಇಳಿಯಬಾರದು.

ಪೇಟೆಗೆ ಹೋಗಿ ಬಂದದ್ದು ಬಿಟ್ಟರೆ ಒಟ್ಟು 40 ನಿಮಿಷ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಇದನ್ನು ಒಂದೆರಡು ಕಡೆ ಹೇಳಿದಾಗ ಕೇಳಿಬಂದ ಮೊದಲ ಮಾತು, "ಎಲ್ಲರೂ ತಮ್ಮ ಕೆಲಸ ತಾವೇ ಮಾಡಿಕೊಂಡರೆ ಪ್ಲಂಬರನ ಹೊಟ್ಟೆಪಾಡು?" ಕರುಣೆಯ ಮಾತು. ಆದರೆ ಈ ಕರುಣೆ ಆತ ಮನೆಗೆ ಬಂದಾಗ ಎಲ್ಲಿ ಹೋಗುತ್ತದೆ? ಹಿಂಬಾಗಿಲು ತೋರಿಸುತ್ತೇವೆ. ಕೇಳಿದ ಕೂಲಿಯಲ್ಲಿ ನೂರು ರೂಪಾಯಿ ಕಡಿಮೆ ಮಾಡಲು ಅರ್ಧ ಗಂಟೆ ಚರ್ಚಿಸುತ್ತೇವೆ. "ಒಂದು ವಾಷರ್ ಹಾಕಿದ್ದಕ್ಕೆ ಇಷ್ಟಾ?" ಎನ್ನುತ್ತೇವೆ, ಆ ವಾಷರ್ ಹಾಕಲು ಆತ ಬೈಕಿನಲ್ಲಿ ಹತ್ತು ಕಿಲೋಮೀಟರ್ ಬಂದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆತ ಬರುತ್ತೇನೆಂದು ಹೇಳಿ ಬಾರದಿರುವುದಕ್ಕೆ ಇದೂ ಒಂದು ಕಾರಣ. ಇಂತಹ ಚಿಲ್ಲರೆ ಕೆಲಸದಿಂದ ಅವನ ದಿನ ಒಡೆದು ಹೋಗುತ್ತದೆ, ಅವನಿಗೆ ಬೇಕಿರುವುದು ದಿನವಿಡೀ ನಿಂತು ಮಾಡುವ ಕೆಲಸ. ಒಮ್ಮೆ ತನ್ನ ಕೈಯಿಂದ ನಿಪ್ಪಲ್ ತಿರುಗಿಸಿದವನಿಗೆ ಮಾತ್ರ ಗೊತ್ತಾಗುತ್ತದೆ ಗೋಡೆ ಒಡೆಯದೆ ಪೈಪು ಜೋಡಿಸುವವನ ಕೂಲಿ ಯಾಕೆ ಅಷ್ಟು ಎಂದು. ತನ್ನ ಕೈ ಕೊಳೆ ಮಾಡಿಕೊಳ್ಳದವನು ಇನ್ನೊಬ್ಬನ ಕೂಲಿಯ ಬೆಲೆ ತಿಳಿದದ್ದನ್ನು ನಾನಂತೂ ಕಂಡಿಲ್ಲ.

ಹಾಗಂತ ಎಲ್ಲವನ್ನೂ ಮನೆಯವರೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಗೀಸರಿನ ಕರೆಂಟು, ಗ್ಯಾಸಿನ ಕೊಳವೆ, ಗೋಡೆಯೊಳಗೆ ಸೋರುವ ಪೈಪು, ಇವುಗಳಿಗೆ ಕೈ ಹಾಕಬೇಡಿ, ಬಲ್ಲವರನ್ನು ಕರೆಯಿರಿ, ಕೇಳಿದ್ದನ್ನು ಕೊಡಿ. ನಾನು ಮಾತಾಡುತ್ತಿರುವುದು ವಾಷರು, ಟೇಪು, ಮೂತಿ, ಫ್ಲಶ್ಶಿನ ತೇಲುಬುರುಡೆ ಇಂಥವುಗಳ ಬಗ್ಗೆ.

ಇನ್ನೊಂದು ಆಕ್ಷೇಪ ಬಾಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ಅದೇ ದೊಡ್ಡದು. ಅದು ನಮ್ಮ ಕೆಲಸವಲ್ಲ ಎಂಬುದು. ಯಾರ ಕೆಲಸ ಹಾಗಾದರೆ? ಬಚ್ಚಲು, ಮೋರಿ, ಕೊಳೆನೀರು ಇವುಗಳನ್ನು ಮುಟ್ಟುವ ಕೈಗಳನ್ನು ಈ ದೇಶ ಹುಟ್ಟಿನಿಂದಲೇ ಗೊತ್ತು ಮಾಡಿ ಇಟ್ಟಿದೆ. ಅದು ಹಿಂದೂಗಳ ಸಮಸ್ಯೆ, ನಮ್ಮಲ್ಲಿ ಜಾತಿ ಇಲ್ಲ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಕ್ಷೌರ ಮಾಡುವ ಕುಟುಂಬಗಳ ಜೊತೆ ಸಂಬಂಧ ಬೆಳೆಸಲು ನಮ್ಮ ಹಿರಿಯರು ಹಿಂಜರಿದದ್ದು, ಮೀನು ಹೊತ್ತವನ ಮಗನಿಗೆ ಹೆಣ್ಣು ಕೊಡುವಾಗ ಎರಡು ಸಲ ಯೋಚಿಸಿದ್ದು ಯಾವ ಸಮಸ್ಯೆ? ಜಾತಿ ನಮ್ಮ ಗ್ರಂಥದಲ್ಲಿ ಇಲ್ಲದಿರಬಹುದು, ನಮ್ಮ ಮದುವೆಯ ಮಾತುಕತೆಗಳಲ್ಲಿ ಧಾರಾಳವಾಗಿದೆ.

ನಮ್ಮ ಭಾಷಣಗಳನ್ನೇ ನೋಡಿ. ಪ್ರವಾದಿಯವರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕುತ್ತಿದ್ದರು, ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಕೇಳುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ವುಝೂವಿನ ನೀರಿನಲ್ಲಿ ಮಿತವಿರಬೇಕೆಂಬ ಪಾಠವೂ ನಮಗೆ ಮದ್ರಸದಲ್ಲಿಯೇ ಆಗಿದೆ. ಅವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ ನೀರಿನಲ್ಲಿ, ವುಝೂ ಮುಗಿಸುತ್ತಿದ್ದರೆಂದು ಬಾಯಿಪಾಠ ಒಪ್ಪಿಸಿದವರು ನಾವು. ಆದರೆ ಮಸೀದಿಯ ಹೌಝ್ ಮುಚ್ಚಿ ಸಾಲಾಗಿ ಹಾಕಿದ ನಲ್ಲಿಗಳಲ್ಲಿ ಎರಡು ಸದಾ ತೊಟ್ಟಿಕ್ಕುತ್ತಿರುತ್ತವೆ. ಐದು ಹೊತ್ತೂ ನೂರಾರು ಮಂದಿ ಅದರ ಮುಂದೆ ಕೂತು ಏಳುತ್ತಾರೆ. ಕಮಿಟಿಗೆ ಹೇಳಿದ್ದೇವೆ ಎನ್ನುತ್ತಾರೆ. ಆ ನೂರಾರು ಮಂದಿಯಲ್ಲಿ ಗಲ್ಫಿನ ಪೈಪುಗಳನ್ನೆಲ್ಲ ಜೋಡಿಸಿ ಬಂದ ಹತ್ತು ಮಂದಿಯಾದರೂ ಇರುತ್ತಾರೆ, ಅವರೂ ಕಂಪೆನಿಯಲ್ಲಿ ಇದ್ದವರು!

ನಾವು ಶಾಫಿ ಮದ್‌ಹಬ್‌ನವರು ಎಂದು ಹೇಳಿಕೊಳ್ಳುವ ಕರಾವಳಿಗರಿಗೆ ಒಂದು ಹೆಸರನ್ನು ನೆನಪಿಸಬೇಕು. ಅಲ್-ಖಫ್ಫಾಲ್ ಅಲ್-ಮರ್ವಝಿ. ಖುರಾಸಾನಿನ ಶಾಫಿ ವಿದ್ವಾಂಸರಲ್ಲಿ ದೊಡ್ಡವರು, 1026ರಲ್ಲಿ ತೀರಿಕೊಂಡರು. ಖಫ್ಫಾಲ್ ಎಂದರೆ ಬೀಗ ಮಾಡುವವನು. ಸುಮಾರು ಮೂವತ್ತರ ವಯಸ್ಸಿನವರೆಗೆ ಬೀಗ ಮಾಡಿಕೊಂಡಿದ್ದು ಆಮೇಲೆ ಓದಿಗೆ ಕೂತವರು. ದೊಡ್ಡ ವಿದ್ವಾಂಸರಾದ ಮೇಲೆ ಅವರ ಶಿಷ್ಯರು ಗುರುಗಳು "ಕಂಪೆನಿಯಲ್ಲಿ ಇದ್ದವರು" ಎಂದು ಹೇಳಲಿಲ್ಲ. ಬೀಗ ಅವರ ಹೆಸರಿನಲ್ಲೇ ಉಳಿಯಿತು, ಸಾವಿರ ವರ್ಷವಾದರೂ ಉಳಿದಿದೆ. ಹನಫಿಗಳಲ್ಲಿ ಬಗ್ದಾದಿನ ಅಲ್-ಖಸ್ಸಾಫ್ ಇದ್ದಾರೆ. ವಕ್ಫ್ ಕಾನೂನಿನ ಬಗ್ಗೆ ಅವರು ಬರೆದದ್ದನ್ನು ವಿದ್ವಾಂಸರು ಇಂದಿಗೂ ತೆರೆಯುತ್ತಾರೆ. ಖಸ್ಸಾಫ್ ಎಂದರೆ ಚಪ್ಪಲಿ ಹೊಲಿಯುವವನು. ಅಲ್-ಜಸ್ಸಾಸ್ ಎಂದರೆ ಗಾರೆಯವನು.

ಕನ್ನಡದವರಿಗೆ ಇದು ಹೊಸತಲ್ಲ. ಹನ್ನೆರಡನೇ ಶತಮಾನದಲ್ಲಿ ಇಲ್ಲಿಯೇ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ತಮ್ಮ ಕಾಯಕವನ್ನು ಹೆಸರಿನ ಮುಂದೆ ಇಟ್ಟುಕೊಂಡು ನಡೆದರು. ಅವರ ಹೆಸರಿನಲ್ಲಿ ಜಯಂತಿ ಆಚರಿಸುವ ಮನೆಗಳಲ್ಲಿಯೂ ಇಂದು ಮಗ ಬಟ್ಟೆ ಒಗೆಯುವುದನ್ನು, ಹುರಿ ಹೊಸೆಯುವುದನ್ನು ಕಲಿಯಬೇಕೆಂದು ಯಾರೂ ಬಯಸುವುದಿಲ್ಲ. ಹಾಗಾಗಿ ಇದು ಬರೀ ನಮ್ಮವರ ರೋಗವಲ್ಲ. ಆದರೆ ಪಕ್ಕದ ಮನೆಯಲ್ಲೂ ಜ್ವರ ಇದೆ ಎಂದು ನಮ್ಮ ಜ್ವರಕ್ಕೆ ಮದ್ದು ಮಾಡದಿರುವುದು ಯಾವ ನ್ಯಾಯ?

ಮತ್ತೆ ಅಲ್-ಜಝರಿ. ಮುಸ್ಲಿಮರ ವೈಜ್ಞಾನಿಕ ಕೊಡುಗೆಗಳ ಬಗ್ಗೆ ಭಾಷಣ ಮಾಡುವವರು ಈ ಹೆಸರು ಬಿಡುವುದಿಲ್ಲ. ದಿಯಾರ್‌ಬಕಿರ್‌ನಲ್ಲಿ ಅರ್ತುಕಿ ದೊರೆಗಳ ಆಸ್ಥಾನದಲ್ಲಿದ್ದು 1206ರಲ್ಲಿ ಯಂತ್ರಗಳ ಕುರಿತ ಗ್ರಂಥ ಮುಗಿಸಿದವನು. ಏನಿದೆ ಅದರಲ್ಲಿ? ನೀರೆತ್ತುವ ಯಂತ್ರಗಳಿವೆ. ಎರಡು ಉರುಳೆಗಳ ಪಂಪು ಇದೆ. ಕೈಕಾಲು ತೊಳೆಯಲು ತಾನಾಗಿ ನೀರು ಸುರಿಯುವ ನವಿಲಿನಾಕಾರದ ಪಾತ್ರೆ ಇದೆ. ತಾಮ್ರದ ತಗಡನ್ನು ಹೇಗೆ ಬಡಿಯಬೇಕು, ಎಲ್ಲಿ ಬೆಸುಗೆ ಹಾಕಬೇಕು, ಕೊಳವೆಯ ಬಾಯಿ ಎಷ್ಟಗಲವಿರಬೇಕು ಎಂಬುದೆಲ್ಲ ವಿವರವಾಗಿ ಬರೆದಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ಲಂಬಿಂಗ್ ಕೆಲಸ. ಎಂಟುನೂರು ವರ್ಷ ಹಿಂದಿನ ಪ್ಲಂಬರನನ್ನು ವೇದಿಕೆಯ ಮೇಲೆ ಹೊಗಳುವ ನಾವು ಮನೆಯ ಕುರ್ಚಿಯಲ್ಲಿ ಕೂತಿರುವ ಪ್ಲಂಬರನನ್ನು ಪತ್ರಿಕೆಯ ಹಿಂದೆ ಅಡಗಿಸುತ್ತೇವೆ.

ಇದರ ಫಲ ಏನಾಗಿದೆ ನೋಡಿ. ಭಾವನಂಥವರ ಜೊತೆಗೆ ಅವರ ವಿದ್ಯೆ ಮುಗಿಯುತ್ತಿದೆ. ಮಕ್ಕಳಿಗೆ ಅದು ದಾಟಲಿಲ್ಲ. ಒಡಿಶಾದ ಕೇಂದ್ರಪಾಡ ಜಿಲ್ಲೆಯ ಕಡೆಯವರು ಹಾಗೆ ಮಾಡಲಿಲ್ಲ. ಅಲ್ಲಿಯ ಪಟ್ಟಾಮುಂಡೈ ಸುತ್ತಿನ ಹಳ್ಳಿಗಳಿಂದ ಪ್ಲಂಬರುಗಳು ದೇಶದ ಎಲ್ಲ ನಗರಗಳಿಗೂ, ಗಲ್ಫಿಗೂ ಹೋಗಿದ್ದಾರೆ. ತಂದೆಯಿಂದ ಮಗ, ಅಣ್ಣನಿಂದ ತಮ್ಮ ಕಲಿತು ಹೊರಟದ್ದು. ಆ ಕಸುಬನ್ನು ಕಲಿಸಲೆಂದೇ ಅಲ್ಲಿ ಸರಕಾರಿ ಸಂಸ್ಥೆಯೂ ಇದೆ. ನಮ್ಮಲ್ಲಿ ಪಾಲಿಟೆಕ್ನಿಕ್ಕಿಗೆ, ಐಟಿಐಗೆ ಹೋಗುವುದು ಎಂದರೆ ಬೇರೆಲ್ಲೂ ಸೀಟು ಸಿಗದವನ ಪಾಡು. ಸಾಲ ಮಾಡಿ ಇಂಜಿನಿಯರಿಂಗ್ ಓದಿಸುತ್ತೇವೆ. ಓದಿದವನಿಗೆ ಕೆಲಸ ಸಿಗುವುದಿಲ್ಲ, ಸಿಕ್ಕಿದ ಕೆಲಸ ಓದಿದ್ದಕ್ಕೆ ಸಂಬಂಧಿಸಿದ್ದಲ್ಲ. ಆ ಮೇಲೆ ಅವನೂ ಯಾವುದೋ ಕಂಪೆನಿಗೆ ಸೇರುತ್ತಾನೆ. ಮನೆಯ ನಲ್ಲಿ ಸೋರುತ್ತಲೇ ಇರುತ್ತದೆ.

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಗಂಡಸರು ದುಡಿಯಲು ಸಮುದ್ರದಾಚೆ ಹೋದ ನಮ್ಮ ಮನೆಗಳನ್ನು ವರ್ಷಗಟ್ಟಲೆ ನಡೆಸಿದವರು ಹೆಂಗಸರು. ಬಾವಿಯ ಪಂಪು ಕೆಟ್ಟರೆ, ಟಾಂಕಿ ಉಕ್ಕಿದರೆ, ನಲ್ಲಿ ಕಿತ್ತು ಬಂದರೆ ಅವರು ಯಾರನ್ನೋ ಕಾಯಬೇಕು. ಮನೆಯಲ್ಲಿ ಗಂಡಸರಿಲ್ಲದಾಗ ರಿಪೇರಿಯವನು ಬರುವಂತಿಲ್ಲ, ಅವನು ಬಂದಾಗ ಜೊತೆಗೆ ನಿಲ್ಲಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು. ಒಂದು ಪಾನಾ, ಒಂದು ಸ್ಕ್ರೂಡ್ರೈವರ್, ಎರಡು ವಾಷರ್ ಹೆಣ್ಣುಮಕ್ಕಳ ಕೈಗೆ ಕೊಡಲು ನಮಗೆ ಇಷ್ಟು ಹಿಂಜರಿಕೆ ಯಾಕೆ? ನೂರು ಮಂದಿಗೆ ಬಿರಿಯಾನಿ ಬೇಯಿಸಿ ಇಳಿಸುವ ಕೈಗೆ ಅರ್ಧ ಇಂಚಿನ ನಿಪ್ಪಲ್ ಭಾರವೇ?

ನಾನೇನೂ ಸಾಚಾ ಅಲ್ಲ. ನನ್ನ ಬಾಡಿಗೆ ಮನೆಯ ಅಡುಗೆ ನಲ್ಲಿ ರಾತ್ರಿ ತೊಟ್ಟಿಕ್ಕುವ ಸದ್ದಿಗೆ ನಿದ್ದೆ ಬಾರದೆ, ನಲ್ಲಿಯ ಬಾಯಿಗೆ ನೂಲು ಕಟ್ಟಿ ಅದರ ತುದಿಯನ್ನು ಸಿಂಕಿಗೆ ಇಳಿಬಿಟ್ಟಿದ್ದೆ. ನೀರು ನೂಲು ಹಿಡಿದು ಸದ್ದಿಲ್ಲದೆ ಇಳಿಯುತ್ತಿತ್ತು. ಏಳು ತಿಂಗಳು ಹಾಗೆಯೇ ಕಳೆದೆ. ಭಾವನ ಮನೆಯಿಂದ ಮರಳಿದ ವಾರ ಮೇಲಿನ ವಾಲ್ವ್ ಮುಚ್ಚಿ ವಾಷರ್ ಬದಲಿಸಿದೆ. ಮೂರು ರೂಪಾಯಿಯ ವಾಷರು. ಮೊದಲ ಸಲ ತಲೆಕೆಳಗಾಗಿ ಹಾಕಿ ಪುನಃ ಬಿಚ್ಚಬೇಕಾಯಿತು, ಅದು ಬೇರೆ ಕಥೆ.

ಮೊನ್ನೆ ಅಕ್ಕನಿಗೆ ಫೋನು ಮಾಡಿದೆ. ದೊಡ್ಡವನಿಗೆ ಸಂಬಂಧ ಇನ್ನೂ ಗಟ್ಟಿಯಾಗಿಲ್ಲವಂತೆ. "ಭಾವ ಎಲ್ಲಿ?" ಎಂದು ಕೇಳಿದೆ. "ಇಲ್ಲಿಯೇ ಎಲ್ಲೋ ಪೇಟೆ ಕಡೆ ಹೋಗಿದ್ದಾರೆ" ಎಂದರು. ಹಿಂದಿನಿಂದ ಹುಡುಗಿಯ ದನಿ ಕೇಳಿತು:

"ಪೇಟೆಗೆ ಅಲ್ಲ ಮಾಮ, ಮಸೀದಿಯ ನಲ್ಲಿ ಸರಿ ಮಾಡಲಿಕ್ಕೆ ಹೋಗಿದ್ದಾರೆ. ಪಾನಾ ನಾನೇ ಕೊಟ್ಟದ್ದು."